ಕೊನೆಯ ನುಡಿ ಬಿಡಬಾರದು

ಪಿಎಚ್.ಡಿ. ವೈವಾ ಮುಗಿದು, ಗೋಕಾಕದ ನಮ್ಮ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಕರದಂಟು ಹಂಚಿ ಆಗಿತ್ತು. ಗೆಳತಿಯರು ನನ್ನ ಹೆಸರಿನ ಮುಂದೆ ‘ಡಾಕ್ಟರ್’ ಹಚ್ಚಿ ಕರೆದು ಚೇಷ್ಟೆ ಮಾಡುತ್ತಿದ್ದರು. ನಾನೂ ಬೇಡ ಅನ್ನುತ್ತಿರಲಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕಿನ ಕುರಿಹಟ್ಟಿ, ಗುಡಿಕಟ್ಟೆ ಅಲೆದು ಡೊಳ್ಳಿನ ಹಾಡು ಕೂಡಿಸಿದವಳು ನಾನು. ಕರೆಸಿಕೊಳ್ಳುವ ಹಕ್ಕು ನನಗಿದೆ ಅಂತಲೇ ನನ್ನ ಭಾವನೆ. ಅಂಥ ಹೊತ್ತಿನಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಫೋನ್ ಬಂತು.

“ಮೇಡಂ, ನಿಮ್ಮ ಥೀಸಿಸ್ ಅಪ್‌ಲೋಡ್ ಮಾಡಾಕ ಬರೂದಿಲ್ರಿ,” ಅಂದರು ಅಲ್ಲಿನ ಅಧಿಕಾರಿ.

“ಯಾಕ್ರಿ? ಫೈಲ್ ತೆರೀವಲ್ದೇನು?”

“ಫೈಲ್ ಛಲೋ ತೆರೀತೈತ್ರಿ. ಖರೆ ಅದರಾಗ ಇರೂದು ಎಲ್ಲಾ ನಿಮ್ದಲ್ಲ. ಅದ ತೊಂದ್ರಿ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಕಲು ಪರೀಕ್ಷಿಸುವ ಸಾಫ್ಟ್‌ವೇರ್ ದಾಟಿ ಬಂದ ಪ್ರಬಂಧ ಅದು. ಕಳ್ಳಿ ಅಂದುಬಿಟ್ಟನಲ್ಲ ಈ ಮನುಷ್ಯ ಅಂತ ಮೈಯೆಲ್ಲ ಉರಿಯಿತು. ಮರುದಿನ ಮೊದಲ ಬಸ್ಸಿಗೇ ಹೊರಟೆ, ಜಗಳ ಆಡುವುದಕ್ಕೆಂದೇ.

ಜಗಳ ಆಗಲಿಲ್ಲ. ಆತ ಚಹಾ ತರಿಸಿ, ನನ್ನ ಪ್ರಬಂಧವನ್ನು ಕಂಪ್ಯೂಟರ್‌ನಲ್ಲಿ ತೆರೆದು, ಹಳದಿ ಬಣ್ಣ ಹಚ್ಚಿದ ಪುಟಗಳನ್ನು ಒಂದೊಂದಾಗಿ ತೋರಿಸಿದರು. ಪರೀಕ್ಷಕರಿಗೆ ಕೊಟ್ಟ ಪ್ರತಿಯೇನೋ ನಾಲ್ಕು ಗೋಡೆಯೊಳಗಿನ ಮಾತು; ಅಲ್ಲಿ ಇನ್ನೊಬ್ಬರ ಫೋಟೊ, ಇನ್ನೊಬ್ಬರ ಹಾಡು ಇದ್ದರೂ ಯಾರೂ ಕೇಳುವುದಿಲ್ಲ. ಆದರೆ ಜಾಲತಾಣಕ್ಕೆ ಏರಿಸಿದ ಪ್ರತಿಯನ್ನು ಲೋಕದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದು ಪ್ರಕಟಣೆಯೇ ಆಯಿತು. ಹೀಗಾಗಿ ಇನ್ನೊಬ್ಬರ ಕೃತಿಸ್ವಾಮ್ಯ ಇರುವ ಪ್ರತಿ ವಸ್ತುವಿಗೂ ಮೂರೇ ದಾರಿ: ಅನುಮತಿ ತರಬೇಕು, ಇಲ್ಲವೆ ಅದರ ಜಾಗದಲ್ಲಿ ನನ್ನದೇ ಇನ್ನೊಂದನ್ನು ಇಡಬೇಕು, ಅದೂ ಆಗದಿದ್ದರೆ ತೆಗೆದು ಆ ಜಾಗಕ್ಕೆ ಕಪ್ಪು ಚೌಕ ಹಾಕಬೇಕು. ಗ್ರಂಥಾಲಯ ಒಪ್ಪಿ ಪತ್ರ ಕೊಟ್ಟ ಮೇಲೆಯೇ ಪದವಿಯ ಆದೇಶ ಹೊರಬೀಳುತ್ತದೆ.

“ಮೂರನೇ ಅಧ್ಯಾಯ ನೋಡ್ರಿ,” ಅಂದರು. ನೋಡಿದೆ. ಶುರುವಿನಿಂದ ಕೊನೆಯವರೆಗೂ ಅರಿಷಿಣ ಚೆಲ್ಲಿದಂತಿತ್ತು.

ಮೂರನೇ ಅಧ್ಯಾಯವೇ ನನ್ನ ಪ್ರಬಂಧದ ಜೀವ. ಮೂಡಲಗಿ ತಾಲ್ಲೂಕಿನ ಒಬ್ಬ ಕುರುಬರ ಕವಿ ಕಟ್ಟಿದ ಹಾಡುಗಳ ಅಧ್ಯಾಯ ಅದು. ಕವಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಹಾಡುಗಳನ್ನು ನಾನು ಕೇಳಿ ಬರೆದುಕೊಂಡದ್ದು ಅವರ ಜೋಡಿ ಹಾಡುತ್ತಿದ್ದ ಮ್ಯಾಳದವರಿಂದ. ಯಾರು ಕಟ್ಟಿದ್ದೆಂದು ಗೊತ್ತಿಲ್ಲದ ಹಳೆಯ ಹಾಡಿಗೆ ತೊಂದರೆಯಿಲ್ಲ, ಇವು ಹಾಗಲ್ಲ. ಕವಿ ಸತ್ತ ಮೇಲೂ ಅರವತ್ತು ವರ್ಷ ಹಕ್ಕು ವಾರಸುದಾರರದು ಅನ್ನುತ್ತದೆ ಕಾಯ್ದೆ. ಅನುಮತಿ ಇಲ್ಲದಿದ್ದರೆ ಆ ಹಾಡುಗಳೆಲ್ಲ ಕಪ್ಪು ಚೌಕವಾಗುತ್ತಿದ್ದವು. ಹಾಡಿಲ್ಲದ ಡೊಳ್ಳಿನ ಹಾಡಿನ ಪ್ರಬಂಧ! ಅದನ್ನು ಯಾರ ಮುಂದೆ ಹಿಡಿಯಲಿ ನಾನು?

ಸುಲಭದ್ದನ್ನು ಮೊದಲು ಮುಗಿಸಿದೆ. ಹಳೆಯ ಪುಸ್ತಕದಿಂದ ಸ್ಕ್ಯಾನ್ ಮಾಡಿದ್ದ ನಕಾಶೆಯನ್ನು ಕಿತ್ತೆಸೆದೆ. ಅದನ್ನೇ ನೋಡಿ ಮತ್ತೆ ಬರೆದರೂ ಅದು ಅವರದೇ ಆಗುತ್ತದಂತೆ. ಹೀಗಾಗಿ ಭೂಗೋಳದ ಸಹೋದ್ಯೋಗಿಯ ಬಾಜೂ ಕುಳಿತು, ಯಾರು ಬೇಕಾದರೂ ಬಳಸಬಹುದಾದ ನಕಾಶೆಯ ಮೇಲೆ, ನಾನು ಅಡ್ಡಾಡಿದ ಊರುಗಳನ್ನೆಲ್ಲ ಗುರುತು ಮಾಡಿಸಿದೆ. ಹಳೆಯದಕ್ಕಿಂತ ಚೆಂದ ಬಂತು. ಮ್ಯಾಳದ ಫೋಟೊಗಳು ಗೋಕಾಕದ ಒಂದು ಸ್ಟುಡಿಯೊದವರದು. ಆ ಫೋಟೊಗ್ರಾಫರ್ ಪತ್ರ ಓದಿ ನಕ್ಕುಬಿಟ್ಟರು.

“ಏ ಬಾಯಾರ, ಲಗ್ನದ ಆಲ್ಬಮ್ ಒಯ್ದವ್ರು ಒಂದ್ ಮಾತ ಕೇಳೂದಿಲ್ಲ, ನೀವ್ ಕಾಗದಾ ಬರಕೊಂಡ್ ಬಂದೀರಿ! ಹಾಕ್ರಿ, ಹಾಕ್ರಿ. ಕೆಳಗ ನನ್ನ ಹೆಸರ ಮಾತ್ರ ದಪ್ಪಗ ಬರೀರಿ.”

ಸಹಿ ಹಾಕಿಸಿಕೊಂಡು ಬಂದೆ. ಇನ್ನು ಹಾಡುಗಳು. ನನ್ನ ಗೈಡ್ ಒಂದೇ ಮಾತಿನಲ್ಲಿ ಬಗೆಹರಿಸಿದರು. “ಪ್ರತಿ ಹಾಡಿನ್ಯಾಗ ನಾಕ್ ಸಾಲ ಇಡು. ವಿಮರ್ಶಾಕ್ಕ ಬೇಕಾದಷ್ಟ ತುಸು ಉದಾಹರಿಸಿದ್ರ ಕಾಯ್ದೆ ಏನೂ ಅನ್ನೂದಿಲ್ಲ. ಯಾರ ಪರವಾನಗಿನೂ ಬ್ಯಾಡ. ಉಳಿದದ್ದು ತಗದ್ ಒಗಿ.”

ನನಗೂ ಸರಿ ಅನ್ನಿಸಿತು. ಓದಿದವರ ಲೆಕ್ಕದಲ್ಲಿ ಕಡಿಮೆ ತೆಗೆದುಕೊಂಡವನೇ ಮರ್ಯಾದಸ್ಥ. ಕುಳಿತು ಕತ್ತರಿಸಿದೆ. ಪ್ರತಿ ಹಾಡಿನಲ್ಲೂ ನನ್ನ ವಾದಕ್ಕೆ ಬೇಕಾದ ಮೊದಲಿನ ನಾಲ್ಕು ಸಾಲು ಉಳಿಸಿ, ಕೊನೆಯವರೆಗೆ ಉಳಿದದ್ದನ್ನೆಲ್ಲ ಬಿಟ್ಟೆ. ಅಧ್ಯಾಯ ಸಣ್ಣದಾಯಿತು, ಆದರೆ ಬದುಕಿತು. ಇದನ್ನೊಮ್ಮೆ ಮ್ಯಾಳದವರಿಗೆ ತೋರಿಸಿದರೆ ಖುಷಿಪಟ್ಟಾರು ಅಂತ ಪ್ರಿಂಟ್ ತೆಗೆಸಿಕೊಂಡು ಅಂಕಲಗಿಗೆ ಹೋದೆ.

ಅಂಕಲಗಿಯಲ್ಲಿ ಆ ಮ್ಯಾಳದ ಮುಖ್ಯ ಹಾಡುಗಾರರು ಇದ್ದಾರೆ. ನಾನು ಅವರಿಗೆ ಕಾಕಾ ಅನ್ನುತ್ತೇನೆ. ಕವಿಯ ಕಡೆ ಹಾಡು ಕಲಿತವರು, ಅವರ ಜೋಡಿ ಊರೂರು ಹಾಡಿದವರು. ಮೂಗಿಗೆ ಚಾಳೀಸು ಏರಿಸಿ ಪ್ರಿಂಟ್ ಕೈಗೆ ತಗೊಂಡರು. ಮೊದಲ ಹಾಡಿನ ನಾಲ್ಕು ಸಾಲು ಓದಿದರು, ಪುಟ ತಿರುವಿದರು, ಮತ್ತೆ ಹಿಂದೆ ತಿರುವಿದರು. ಎರಡನೆಯದು, ಮೂರನೆಯದು. ಮುಖ ಬಿಗಿಯಿತು.

“ಕೊನೀ ನುಡಿ ಎಲ್ಲಿ ಐತಿ?”

“ಅದನ್ನ ಬಿಟ್ಟೇನ್ರಿ ಕಾಕಾ. ಸ್ವಲ್ಪ ಹಾಕಿದ್ರ ಯಾರ ಪರವಾನಗಿನೂ ಬ್ಯಾಡಂತ.”

ಪ್ರಿಂಟನ್ನು ಮಡಚಿ ನನ್ನ ಕೈಗೇ ಕೊಟ್ಟರು. “ಹಂಗಾರ ತುಡುಗ ಮಾಡಾಕ ಕಾಯ್ದೆ ಪರವಾನಗಿ ಕೊಟ್ಟೈತಿ ಅನ್ರಿ.”

ಗ್ರಂಥಾಲಯದವರು ಅನ್ನದ ಮಾತನ್ನು ಇವರು ಅಂದಿದ್ದರು: ಕಳ್ಳತನ. ಕೊನೆಯ ನುಡಿ ಏನೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಡೊಳ್ಳಿನ ಹಾಡಿನ ಕೊನೆಯ ನುಡಿಯಲ್ಲಿ, ಅಂದರೆ ಕೊನೆಯ ಪದ್ಯದಲ್ಲಿ, ಊರಿನ ಹೆಸರು, ಗುರುವಿನ ಹೆಸರು, ಕಟ್ಟಿದವನ ಹೆಸರು ಬರುತ್ತದೆ. ಇದಕ್ಕೆ ಅಂಕಿತ ಅನ್ನುತ್ತಾರೆ ಅಂತ ಎರಡನೇ ಅಧ್ಯಾಯದಲ್ಲಿ ನಾನೇ ಬರೆದಿದ್ದೆ. ಪಂದ್ಯದ ಹಾಡಿನಲ್ಲಿ ಎದುರಿನ ಮ್ಯಾಳ ಕಾಯುವುದೇ ಅದಕ್ಕೆ. ಅಂಕಿತ ನುಂಗಿ ಹಾಡು ಮುಗಿಸಿದವನನ್ನು ಜನ ಸುಮ್ಮನೆ ಬಿಡುವುದಿಲ್ಲ. ಅಡಿಟಿಪ್ಪಣಿಯಲ್ಲಿ ಕವಿಯ ಹೆಸರು ಹಾಕಿದ್ದೇನಲ್ಲ ಅಂತ ನಾನಂದೆ.

“ಅಡಿಟಿಪ್ಪಣಿ ಯಾರ್ ಹಾಡ್ತಾರ್ರಿ?” ಅಂದರು ಕಾಕಾ. “ಗುರುತ ಇರಲಾರದ ಕುರಿ ಸಂತ್ಯಾಗ ತಂದ್ ನಿಲ್ಲಿಸಿದ್ರ ಏನಂತಾರ? ಯಾರ್ ಹಗ್ಗಾ ಹಾಕ್ತಾರ ಅವರದ. ನಿಮ್ಮ ಕಾಗದದಾಗಿನ ಮೊದಲನೇ ಹಾಡಿಗೆ ಒಮ್ಮೆ ಆಗೇತಿ ಇದು. ಕ್ಯಾಸೆಟ್ ಮಾಡಾಕ ಬಂದವ್ರು, ಟೇಪ್ ಸಾಲೂದಿಲ್ಲ ಅಂತ ಕೊನೀ ನುಡಿ ಕೊಯ್ದ್ ಬಿಟ್ರು. ಒಂದ್ ವರ್ಷದಾಗ ಇನ್ನೊಂದ್ ಮ್ಯಾಳದವ್ರು ಅದಕ್ಕ ತಮ್ಮ ಅಂಕಿತ ಹಚ್ಚಿ, ನಮ್ಮ ಮುಂದ ಕುಂತ ಹಾಡಿದ್ರು. ಕವಿ ಎದ್ದು ಹ್ವಾದಾ. ಮುಂದ ಆ ಹಾಡ ಅವ ಬಾಯಾಗ ತರಲಿಲ್ಲ.”

ನಾನು ಪ್ರಿಂಟನ್ನು ಚೀಲದೊಳಗೆ ತುರುಕಿದೆ. ಅವರ ಹೆಂಡತಿ ಚಹಾ ತಂದಿಟ್ಟರು.

“ಹಾಕೂದಿದ್ರ ಇಡೀ ಹಾಡ ಹಾಕ್ರಿ,” ಅಂದರು ಕಾಕಾ ಕೊನೆಗೆ, ದನಿ ಮೆತ್ತಗೆ ಮಾಡಿ. “ಇಲ್ಲಾ ಒಂದ್ ಅಕ್ಷರಾನೂ ಬ್ಯಾಡ.”

ವಾಪಸ್ ಬಸ್ಸಿನಲ್ಲಿ ನನ್ನ ಮೇಲೆ ನನಗೇ ರೇಗುತ್ತಿತ್ತು. ಕಾಯ್ದೆಯ ಪ್ರಕಾರ ನಾಲ್ಕು ಸಾಲು ಸಾಕಿತ್ತು. ಗೈಡ್ ಒಪ್ಪಿದ್ದರು, ಗ್ರಂಥಾಲಯವೂ ಒಪ್ಪುತ್ತಿತ್ತು, ಪದವಿ ಕೈಗೆ ಬರುತ್ತಿತ್ತು. ಆದರೆ ಆ ಕವಿಯ ಹಾಡು ಎರಡನೇ ಸಲ ಗುರುತಿಲ್ಲದೆ ಲೋಕಕ್ಕೆ ಹೋಗುತ್ತಿತ್ತು. ಈ ಸಲ ಕೊಯ್ದವಳು ನಾನು. ಕ್ಯಾಸೆಟ್ಟಾದರೆ ನಾಲ್ಕು ತಾಲ್ಲೂಕು ತಿರುಗಿ ಸವೆಯುತ್ತದೆ. ಜಾಲತಾಣಕ್ಕೆ ಏರಿದ್ದು ಹಾಗೆ ಸವೆಯುವ ವಸ್ತುವಲ್ಲ. ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ತೀರ್ಮಾನ ಆಗಿತ್ತು: ಒಂದು ಸಾಲೂ ಕತ್ತರಿಸುವುದಿಲ್ಲ, ಎಲ್ಲ ಹಾಡಿಗೂ ವಾರಸುದಾರರ ಅನುಮತಿ ತರುತ್ತೇನೆ, ತರಲಾಗದ ಹಾಡನ್ನು ಪೂರ್ತಿ ತೆಗೆಯುತ್ತೇನೆ.

ಗೈಡ್ ಹೌಹಾರಿದರು. “ಇದ್ದ ರಸ್ತಾ ಬಿಟ್ಟು ಮುಳ್ಳಾಗ ಯಾಕ್ ಹೊಕ್ತಿ? ಅವ್ರು ಒಲ್ಲೆ ಅಂದ್ರ ಮೂರನೇ ಅಧ್ಯಾಯ ಪೂರಾ ಹೋತು. ಈ ಸಲದ ಘಟಿಕೋತ್ಸವದ ಪಟ್ಟಿ ಮುಗಿಯಾಕ ಬಂದೈತಿ.”

“ಹೋದ್ರ ಹೋಗ್ಲಿ ಸರ್. ಖರೆ ಕೊಯ್ದ ಹಾಡ ನಾ ಹಾಕೂದಿಲ್ಲ.”

“ನಿನ್ನ ಹಟಾ ನಿನಗ,” ಅಂದರು. ಬೇಜಾರಾದರೂ ಅನುಮತಿ ಪತ್ರದ ಕರಡು ತಿದ್ದಿಕೊಟ್ಟವರು ಅವರೇ.

ಕವಿಗೆ ಇಬ್ಬರು ಮಕ್ಕಳು. ಮಗ ಮೂಡಲಗಿ ಕಡೆಯ ಊರಿನವನು, ಆದರೆ ಊರಲ್ಲಿ ಸಿಗುವ ಆಸಾಮಿಯಲ್ಲ. ಕುರಿ ಹೊಡೆದುಕೊಂಡು ತಿರುಗುವವನು. ಮಗಳನ್ನು ಕೊಟ್ಟದ್ದು ಹುಕ್ಕೇರಿ ತಾಲ್ಲೂಕಿನ ಹತ್ತರಗಿಗೆ. ಒಬ್ಬರ ಸಹಿ ಸಾಲದು, ಇಬ್ಬರದೂ ಬೇಕು ಎಂದಿದ್ದರು ಅಧಿಕಾರಿ.

ಮಗನ ಫೋನು ಹತ್ತಿದರೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇದ್ದರೆ ಚಾರ್ಜ್ ಇಲ್ಲ. ಅಂತೂ ಒಂದು ದಿನ ಸಿಕ್ಕ. ಕೊಣ್ಣೂರಿನ ಹತ್ತಿರ, ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದ. ಕಬ್ಬಿನ ಒಣ ಗರಿಯ ರವದಿ ತುಳಿಯುತ್ತ ಸೀರೆಯ ನಿರಿಗೆ ಎತ್ತಿ ಹಿಡಿದುಕೊಂಡು ಹೋದೆ. ನಾಯಿಗಳು ನನ್ನ ಡಾಕ್ಟರ್‌ಗಿರಿಗೆ ಕಿಮ್ಮತ್ತು ಕೊಡಲಿಲ್ಲ. ಅವನೇ ಬಂದು ಅವನ್ನು ಗದರಿಸಿ, ಕಂಬಳಿ ಹಾಸಿ ಕೂಡಿಸಿದ.

ಪತ್ರವನ್ನು ಓದಿ ಹೇಳಿದೆ. ಹಾಡುಗಳ ಹೆಸರು, ಎಲ್ಲಿ ಹಾಕುತ್ತೇವೆ, ಯಾರು ನೋಡಬಹುದು, ಹಕ್ಕು ನಿಮ್ಮಲ್ಲೇ ಉಳಿಯುತ್ತದೆ, ಎಲ್ಲ. ಒಂದೊಂದು ಹಾಡಿನ ಹೆಸರು ಬಂದಾಗಲೂ ಅವನು ಗೋಣು ಅಲ್ಲಾಡಿಸಿದ.

“ನಂದೇನ್ ಇಲ್ರಿ ಬಾಯಾರ. ಅಪ್ಪನ ದನಿ ನನಗ ಬರಲಿಲ್ಲ, ಕುರಿ ಬಂದ್ವು. ಹಾಡ ಅಕ್ಕಗ ಬಂದಾವ. ಆಕಿ ಹೂಂ ಅಂದ್ರ ನಂದೂ ಹೂಂ.” ಅಷ್ಟು ಹೇಳಿ ಸಹಿ ಮಾಡಿದ. ಆಮೇಲೆ ಸಣ್ಣ ದನಿಯಲ್ಲಿ, “ಆಕಿ ಹೂಂ ಅನ್ನೂದು ಖಾತ್ರಿ ಇಲ್ಲ ನೋಡ್ರಿ ಮತ್ತ,” ಎಂದ.

ಅವನು ಹೇಳಿದ್ದು ಸುಳ್ಳಾಗಲಿಲ್ಲ. ಹತ್ತರಗಿಯಲ್ಲಿ ಕವಿಯ ಮಗಳು ನನ್ನನ್ನು ಅಂಗಳಕ್ಕೆ ಕರೆದು, ನೀರು ಕೊಟ್ಟು, ಬಂದ ಕೆಲಸ ಹೇಳುತ್ತಲೇ ಮುಖ ತಿರುಗಿಸಿದರು. ನನಗಿಂತ ಹಿರಿಯರು. ಜೋಳ ಹಸನು ಮಾಡುತ್ತಿದ್ದವರು ಮತ್ತೆ ಮೊರ ಎತ್ತಿಕೊಂಡು ಕೆಲಸಕ್ಕೆ ಹತ್ತಿದರು.

“ಕ್ಯಾಸೆಟ್‌ನವ್ರೂ ಹಿಂಗ ಕಾಗದಾ ತಂದಿದ್ರು. ಹಿಂಗ ಛಲೋ ಮಾತಾಡಿದ್ರು.”

“ನಾ ಇಡೀ ಹಾಡ ಹಾಕ್ತೇನ್ರಿ ಅಕ್ಕಾರ. ಕೊನೀ ನುಡಿ ಸಹಿತ. ನೋಡ್ರಿ, ಇಲ್ಲೇ ಐತಿ.”

“ನೀವ್ ಹಾಕ್ತೀರಿ. ನಿಮ್ಮಿಂದ ಇಳಿಸಿಕೊಂಡವಾ ಕೊಯ್ದ ಹಾಕಿದ್ರ?”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಎಲ್ಲಾರ ಕೈ ಹಿಡಿಯಾಕ ನನಗ ಆಗೂದಿಲ್ರಿ,” ಅಂದೆ.

ಅವರು ಮೊರ ಇಟ್ಟದ್ದು ಆಗ. “ಖರೆ ಹೇಳಿದ್ರಿ ನೀವು. ಅವ್ರು ಆಗೂದಿಲ್ಲ ಅಂತ ಒಂದ್ ಸಲನೂ ಅನ್ನಲಿಲ್ಲ. ಎಲ್ಲಾದಕ್ಕೂ ಆಗ್ತೈತಿ, ಆಗ್ತೈತಿ ಅಂದ್ರು.” ಸೆರಗಿನಿಂದ ಕೈ ಒರೆಸಿಕೊಂಡರು. “ಹಾಡಬ್ಯಾಡ್ರಿ ಅಂತ ನಮ್ಮಪ್ಪ ಯಾರಿಗೂ ಅಂದಾಂವಲ್ಲ. ಹಾಡಲಿ, ಊರೂರ ಹಾಡಲಿ. ಕೊನೀ ನುಡಿ ಬಿಟ್ಟು ಯಾರೂ ತಗೋಬಾರದು. ಇಷ್ಟ ನಿಮ್ಮ ಪುಸ್ತಕದಾಗ ಮೊದಲ ಬರೀರಿ. ಬರದ್ ತಂದ ತೋರಸ್ರಿ, ಸಹಿ ಮಾಡ್ತೇನಿ.”

ಮತ್ತೆ ಗ್ರಂಥಾಲಯಕ್ಕೆ ಓಡಿದೆ. ಅಧಿಕಾರಿ ತಲೆ ಕೆರೆದುಕೊಂಡರು. ಹಕ್ಕುಗಳ ಬಗ್ಗೆ ಬರೆಯುವ ಪುಟಕ್ಕೆ ವಿಶ್ವವಿದ್ಯಾಲಯದ ನಮೂನೆ ಇದೆ, ಅದರಲ್ಲಿ ಇಂಥ ಷರತ್ತಿಗೆ ಜಾಗವಿಲ್ಲ.

“ಆ ನಮೂನಿ ಯಾರ್ ಮಾಡ್ಯಾರ್ರಿ? ದೇವ್ರ ಇಳಿಸಿ ಕೊಟ್ಟಾನೇನು?”

“ನಾನ ಮಾಡೇನ್ರಿ ಮೇಡಂ,” ಅಂದರು ಪಾಪ, ಮೆಲ್ಲಗೆ.

ಇಬ್ಬರೂ ನಕ್ಕೆವು. ಆಮೇಲೆ ಆತ ಕಾಯ್ದೆಯ ಪುಸ್ತಕ ತೆಗೆದರು. ಹಕ್ಕನ್ನು ಬೇರೆಯವರಿಗೆ ಕೊಟ್ಟ ಮೇಲೂ, ಇದು ನಾನು ಕಟ್ಟಿದ್ದು ಅಂತ ಹೇಳಿಕೊಳ್ಳುವ ಹಕ್ಕು ಕಟ್ಟಿದವನನ್ನು ಬಿಟ್ಟು ಹೋಗುವುದಿಲ್ಲ ಅಂತ ಅಲ್ಲಿತ್ತು. ಬೆರಳಿಟ್ಟು ಎರಡು ಸಲ ಓದಿದರು. “ಅಲ್ರೀ, ನಿಮ್ಮ ಅಕ್ಕಾರು ಕೇಳೂದೂ ಇದನ್ನ. ಹಾಡ ಕಟ್ಟಿದವರ ಹೆಸರ ಹಾಡಿನ ಒಳಗ ಇರತೈತಿ, ಪುಸ್ತಕ ಬರದವರದು ಹೊರಗ. ಅಷ್ಟ ಫರಕ.” ಮೇಲಿನವರನ್ನು ಒಪ್ಪಿಸುವ ಭಾರ ತಾವೇ ಹೊತ್ತರು. ನಮೂನೆಯ ಕೆಳಗೆ ಒಂದು ಭಾಗ ಸೇರಿತು: ಪ್ರಬಂಧದ ನನ್ನ ಬರಹವನ್ನು ಯಾರು ಬೇಕಾದರೂ ಬಳಸಬಹುದು, ಮೂರನೇ ಅಧ್ಯಾಯದ ಹಾಡುಗಳಿಗೆ ಆ ಸಡಿಲಿಕೆ ಅನ್ವಯಿಸುವುದಿಲ್ಲ, ಅವುಗಳ ಹಕ್ಕು ಕವಿಯ ಮಕ್ಕಳದು. ಯಾರು ಹಾಡಿದರೂ, ಉದಾಹರಿಸಿದರೂ ಕೊನೆಯ ನುಡಿ ಬಿಡಬಾರದು; ಇದು ಮಕ್ಕಳು ಹಾಕಿದ ಷರತ್ತು.

ಆ ಪುಟವನ್ನು ಹತ್ತರಗಿಗೆ ಒಯ್ದೆ. ಓದಿಸಿ ಕೇಳಿದ ಮೇಲೆ ಅವರು ಪೆನ್ನು ಹಿಡಿದವರು ತಡೆದರು. “ಹಾಡ ಕೊಡೂದು ಕಾಗದದ ಮ್ಯಾಲೆ ಅಲ್ರಿ. ಅಪ್ಪ ಯಾರಿಗರ ಹಾಡ ಕೊಟ್ಟರ ಕೊನೀ ನುಡಿ ತಾ ಹೇಳಿ, ಅವರ ಬಾಯಿಂದ ಹೇಳಸ್ತಿದ್ದ.” ಪ್ರತಿ ಹಾಡಿನ ಕೊನೆಯ ನುಡಿಯನ್ನೂ ಅಲ್ಲೇ ಅಂಗಳದಲ್ಲಿ ಹಾಡಿದರು, ನಾನು ಹಿಂದೆ ಹಿಂದೆ ಹೇಳಿದೆ. ನನ್ನ ದನಿಗೆ ದೇವರೇ ಗತಿ. ಆಕೆ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕರು. ಆದರೂ ಒಂದನ್ನೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಸಹಿ ಮಾಡಿದರು. ವೈವಾದಲ್ಲಿ ಪರೀಕ್ಷಕರು ಎದ್ದು ಕೈ ಕುಲುಕಿದ್ದಕ್ಕಿಂತ ನನಗೆ ಆ ಸಹಿಯ ಹೆಮ್ಮೆ ದೊಡ್ಡದು.

ಇನ್ನು ಉಳಿದದ್ದು ಕತ್ತೆ ಚಾಕರಿ. ಕತ್ತರಿಸಿದ ನುಡಿಗಳನ್ನೆಲ್ಲ ಮತ್ತೆ ಸೇರಿಸಿದೆ. ಪುಟಸಂಖ್ಯೆ, ಪರಿವಿಡಿ ಎಲ್ಲ ಕೆದರಿಹೋದವು. ಪ್ರತಿ ಹಾಡಿನ ಕೆಳಗೆ ಹಕ್ಕು ಯಾರದು, ಯಾರ ಅನುಮತಿ ಅಂತ ಒಂದು ಸಾಲು ಬರೆದೆ. ಇನ್ನೊಂದು ತಾಪತ್ರಯ ಆಮೇಲೆ ಗೊತ್ತಾಯಿತು: ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರಿಂದ, ಕವಿಯ ಹೆಸರು ಹಾಕಿ ಹುಡುಕಿದರೆ ಪ್ರಬಂಧ ಸಿಗುತ್ತಲೇ ಇರಲಿಲ್ಲ. ಇಷ್ಟೆಲ್ಲ ಮಾಡಿ ಹೆಸರು ಹುಡುಕಿದರೆ ಸಿಗದಂತಾದರೆ ಏನು ಬಂತು? ಇಡೀ ಪ್ರಬಂಧವನ್ನು ಯೂನಿಕೋಡ್‌ಗೆ ತಿರುಗಿಸಿದೆ. ಒತ್ತಕ್ಷರಗಳು ಒಂದರ ಮೇಲೊಂದು ಹತ್ತಿ ಕೂತವು. ಸಾಲು ಸಾಲು ತಿದ್ದಿ ಕೊಟ್ಟೆ.

ಅಷ್ಟರಲ್ಲಿ ಆ ಸಲದ ಘಟಿಕೋತ್ಸವದ ಪಟ್ಟಿ ಮುಚ್ಚಿತ್ತು. ಗೌನು ತೊಟ್ಟು ಫೋಟೊ ತೆಗೆಸಿಕೊಳ್ಳುವ ಭಾಗ್ಯ ಮುಂದಿನ ಸಲಕ್ಕೆ ಹೋಯಿತು. ಸ್ಟಾಫ್‌ರೂಮಿನಲ್ಲಿ ‘ಡಾಕ್ಟರ್ ಆಗಾಕತ್ತಾರ, ಆಗಾಕತ್ತಾರ’ ಅಂತ ಕಾಡಿಸಿದರು. ಕಾಡಿಸಲಿ ಬಿಡಿ. ಪ್ರಬಂಧ ಜಾಲತಾಣಕ್ಕೆ ಏರಿದ ದಿನ ಕವಿಯ ಹೆಸರು ಟೈಪ್ ಮಾಡಿದೆ. ಮೊದಲ ಸಾಲಿನಲ್ಲೇ ಬಂದು ನಿಂತಿತು. ಅಂಕಲಗಿಯ ಕಾಕಾಗೆ ಫೋನಿನಲ್ಲಿ ಓದಿ ಹೇಳಿದೆ. “ಹಾಂ, ಈಗ ಖರೆ,” ಅಂದರು, ಅಷ್ಟೇ. ಕಾಕಾರ ಬಾಯಿಂದ ಅದು ದೊಡ್ಡ ಮಾತು.

ಮುಂದೆ ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಕ್ಲಾಸ್ ಮುಗಿಸಿ ವರಾಂಡದಲ್ಲಿ ಬರುತ್ತಿದ್ದೆ. ಹತ್ತರಗಿಯ ಅಕ್ಕಾರ ಫೋನು. ಹಿಂದೆ ಡೊಳ್ಳಿನ ಸಪ್ಪಳ.

“ಬಾಯಾರ, ಹುಕ್ಕೇರಿ ಬಾಜೂ ಒಂದ್ ಊರಾಗ ಹಾಡಕಿ ಕೇಳಾಕ ಬಂದೇನಿ. ಮಾತಾಡಬ್ಯಾಡ್ರಿ. ಸುಮ್ನ ಕೇಳ್ರಿ.”

ಫೋನನ್ನು ಎತ್ತಿ ಹಿಡಿದರೆಂದು ಕಾಣುತ್ತದೆ, ಡೊಳ್ಳು ಜೋರಾಯಿತು. ಅದರ ಮೇಲೆ ನಾನೆಂದೂ ಕೇಳಿರದ ದನಿ, ಎಳೆಯ ಗಂಡು ದನಿ. ಹಾಡು ಮಾತ್ರ ಗೊತ್ತಿದ್ದದ್ದು. ಕ್ಯಾಸೆಟ್ಟಿನಲ್ಲಿ ಕೊಯ್ದ ಹಾಡು ಅದು, ಕವಿ ಮುಂದೆ ಬಾಯಲ್ಲಿ ತರದ ಹಾಡು. ನಾನು ಕಂಬಕ್ಕೆ ಒರಗಿ ನಿಂತೆ. ಒಂದು ನುಡಿ ಮುಗಿಯಿತು, ಇನ್ನೊಂದು ಮುಗಿಯಿತು. ಹಿಮ್ಮೇಳ ಎತ್ತಿಕೊಂಡಿತು. ಕೊನೆಯದಕ್ಕಿಂತ ಹಿಂದಿನ ನುಡಿಯಾದ ಮೇಲೆ ಡೊಳ್ಳು ಒಮ್ಮೆ ನಿಂತಿತು. ಮುಗಿಸಿಬಿಟ್ಟರೇನೋ ಅಂದುಕೊಂಡೆ.

ಮತ್ತೆ ಡೊಳ್ಳು ಎದ್ದಿತು. ಆ ಹುಡುಗ ಊರಿನ ಹೆಸರು ಹೇಳಿದ, ಗುರುವಿನ ಹೆಸರು ಹೇಳಿದ. ಕವಿಯ ಹೆಸರಿಗೆ ಬಂದಾಗ ದನಿ ಏರಿಸಿದ, ಹಿಮ್ಮೇಳವೆಲ್ಲ ಕೂಡಿ ಆ ಹೆಸರನ್ನು ಮತ್ತೊಮ್ಮೆ ಹೇಳಿತು.

ತುಸು ಹೊತ್ತು ಬರೀ ಗದ್ದಲ. ಆಮೇಲೆ ಅಕ್ಕಾರ ದನಿ ಬಂತು, ಒಡೆದುಹೋಗಿತ್ತು.

“ಕೇಳಿದ್ರೇನ್ರಿ?”

“ಕೇಳಿದ್ನಿ. ಯಾರ್ರಿ ಅವ್ರು?”

“ನನಗೂ ಗುರ್ತಿಲ್ಲ ನೋಡ್ರಿ, ದೂರದ ಮ್ಯಾಳ. ಈ ಹಾಡ ಎತ್ತೂ ಮೊದಲ, ಎಲ್ಲಿ ಕಲತ್ರೆಪಾ ಅಂತ ಕೇಳಿದ್ರ ಮೊಬೈಲ್‌ನಾಗ ಓದೇವಿ ಅಂದ್ರು. ಕೊನೀ ನುಡಿ ಬಿಡಬಾರದಂತ, ಬರದಾರಂತ, ಅದನ್ನ ನನಗ ಹೇಳ್ತಾರ!” ಅಳುತ್ತಲೇ ನಗುತ್ತಿದ್ದರು. “ನಾ ಅದನ್ನ ಕಟ್ಟಿದಾಂವನ ಮಗಳು ಅಂತ ಇನ್ನಾ ಹೇಳಿಲ್ರಿ. ತಡೀರಿ, ಈಗ ಹೋಗಿ ಹೇಳ್ತೇನಿ.”